ಯಾವ ನೀರಗೆರೆ?

ಕಗ್ಗಹಿತ್ಲ, ಏರುಮನೆ ಸಂಖ್ಯೆ ೭೧
ಫೆಬ್ರವರಿ ೩೪, ೨೧೬೮

ತುಳಸು ಮಾದೇವ ಅಂಬಿಗ ಇವರಿಗೆ, ನಿಮ್ಮ ಮಗಳ ಮೊಮ್ಮಗಳ ಮಗಳಾದ ಕುಸ್ಲಿ ಬರೆಯುವುದು.

ಮೊದಲು ತಾರೀಕಿನ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲವಾದರೆ ನೀವು ಅಲ್ಲಿಯೇ ನಿಂತುಬಿಡುತ್ತೀರಿ. ಫೆಬ್ರವರಿಗೆ ಮೂವತ್ತನಾಲ್ಕು ಎಂದು ಬರೆದದ್ದು ಕೈತಪ್ಪಲ್ಲ. ಸಮುದ್ರ ಉಕ್ಕಿ ಭರತದ ನೀರು ರಸ್ತೆಗೆ ಏರಿ ಕಚೇರಿ ಮುಚ್ಚಿದ ದಿನಗಳಿಗೆ ನಮ್ಮಲ್ಲಿ ‘ತಡೆದಿನ’ ಎನ್ನುತ್ತಾರೆ. ಅಂಥ ದಿನಗಳನ್ನು ತಿಂಗಳ ಕೊನೆಗೆ ಸೇರಿಸಿ ಕೊಡುತ್ತಾರೆ, ಅರ್ಜಿ ಹಾಕುವವರಿಗೆ ಅವಧಿ ಕಡಿಮೆಯಾಗಬಾರದು ಎಂದು. ಹೆಚ್ಚಾದದ್ದನ್ನು ಡಿಸೆಂಬರಿನಲ್ಲಿ ಕತ್ತರಿಸುತ್ತಾರೆ. ಹೋದ ವರ್ಷ ಡಿಸೆಂಬರಿಗೆ ಹನ್ನೊಂದೇ ದಿನ ಇತ್ತು. ಇದನ್ನೆಲ್ಲ ಯಾರು ಕೂತು ಯೋಚಿಸುತ್ತಾರೋ, ಅವರಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ಲವೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇನ್ನು ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ, ಅದೂ ದೋಣಿಯ ಮೇಲೆ. ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೂ ತಿಳಿಯುತ್ತಿಲ್ಲ. ಸಂಬಂಧದಲ್ಲಿ ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಪತ್ರ ಸೇರುವಾಗ ನಿಮಗೆ ಮೂವತ್ತನಾಲ್ಕು, ನನಗೆ ಐವತ್ತೆಂಟು. ತುಳಸಕ್ಕ ಎನ್ನುತ್ತೇನೆ. ನಾನು ಗದರಿಸುವ ಕಡೆ ಬಂದರೆ ನೀವು ತಂಗಿ ಎಂದು ತಿಳಿದುಕೊಳ್ಳಿ.

ಮೊನ್ನೆ ಮಧ್ಯಾಹ್ನ ಗಂಜಿ ಉಂಡು ಅಡ್ಡಾದಾಗ ಒಂದು ಕೆಟ್ಟ ಕನಸು ಬಿತ್ತು. ಅಳತೆಯವನೊಬ್ಬ ಟೇಪು ಹಿಡಿದು ಅಡುಗೆಮನೆಗೆ ಬಂದ. ಅವನ ಹಿಂದೆ ಸಮುದ್ರದ ನೀರು ಪಾದದಷ್ಟು ಎತ್ತರಕ್ಕೆ, ಸಾಕಿದ ನಾಯಿಯ ಹಾಗೆ ಮೆಲ್ಲಗೆ ಬಂತು. ಅವನು ನಿಂತರೆ ಅದೂ ನಿಂತಿತು. ಒಲೆಯ ಅಂಚಿಗೆ ಟೇಪು ಒತ್ತಿ ಹಿಡಿದು, ಒಂದು ಕಾಗದವನ್ನು ನನ್ನ ಮುಖದ ಹತ್ತಿರ ತಂದು ಓದು ಎಂದ. ಕಾಗದದ ಮೇಲೆ ಎರಡು ಪದ ಇದ್ದವು. ನಾನು ಓದಲು ಬಾಯಿ ತೆರೆದರೆ ಅವು ಒಂದಕ್ಕೊಂದು ಅಂಟಿಕೊಂಡು ಒಂದೇ ಪದವಾಗುತ್ತಿದ್ದವು, ಬಾಯಿ ಮುಚ್ಚಿದರೆ ದೂರ ಹೋಗುತ್ತಿದ್ದವು. ಎದ್ದವಳೇ ಅಡುಗೆಮನೆಯ ನೆಲ ಮುಟ್ಟಿ ನೋಡಿದೆ, ಒಣಗಿತ್ತು. ನನ್ನ ತಂಗಿ ಮಂಜಿಗೆ ಹೇಳಿದೆ. ಅವಳು ಸಾರಿಗೆ ಬಳಚಿನ ಚಿಪ್ಪುಗಳನ್ನು ತೊಳೆಯುತ್ತಾ ತಲೆ ಎತ್ತದೆ, “ನಿಂಗೆ ನೀರು ಬಂದ್ರೂ ಹೆದ್ರಿಕೆ, ನೀರು ಹೋದ್ರೂ ಹೆದ್ರಿಕೆ,” ಎಂದಳು. ಅಷ್ಟೇ. ಹೆದರಿಕೆ ನನ್ನ ಪಾಲಿಗೆ ಬಂದಿದೆ, ನಿಶ್ಚಿಂತೆ ಅವಳ ಪಾಲಿಗೆ. ಆದರೆ ಕನಸಿನಲ್ಲಿ ಕಂಡ ಆ ಎರಡು ಪದ ಸುಳ್ಳಲ್ಲ. ಅವು ನಿಮ್ಮ ಕೈಯಲ್ಲಿರುವ ನೋಟೀಸಿನ ಎರಡನೇ ಹಾಳೆಯಲ್ಲಿ, ಮೂರನೇ ಸಾಲಿನಲ್ಲಿ ಇವೆ. ಅಥವಾ ಅಲ್ಲಿ ಇರುವುದು ಒಂದೇ ಪದ. ಅದನ್ನು ಕೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಿಮಗೆ ಆ ನೋಟೀಸು ಚೆನ್ನಾಗಿ ನೆನಪಿರಬೇಕು, ಏಕೆಂದರೆ ನಿಮಗದು ಮೂರು ವಾರದ ಹಿಂದಿನ ಮಾತು. ಆಗಸ್ಟ್ ೨೦೨೬. ಅಳಿವೆಯ ಪಕ್ಕದಲ್ಲಿ ದೋಣಿಗಳಿಗೆ ಡೀಸೆಲ್ ಕೊಡುವುದಕ್ಕೆಂದು ನೀಲತೀರ ತೈಲ ಕಂಪನಿಗೆ ಕೊಟ್ಟ ಪರ್ಮಿಟ್ಟು, ಅದರ ನಾಲ್ಕು ಟ್ಯಾಂಕುಗಳ ಸಮೇತ, ಮಹಾವಾರಿಧಿ ಎನರ್ಜಿ ಎಂಬ ದೊಡ್ಡ ಕಂಪನಿಗೆ ಹಸ್ತಾಂತರವಾಗುತ್ತದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಕೊಡಬೇಕು ಎಂದು. ನೀವೆಲ್ಲ ವಿರೋಧಿಸಿದಿರಿ. ಮೀನು ಹರಾಜಿನ ಶೆಡ್ಡಿನಲ್ಲಿ ಸಭೆ ಸೇರಿದಿರಿ. ನಾನೂರ ಹನ್ನೆರಡು ಆಕ್ಷೇಪಣೆ ಬರೆದಿರಿ, ಅದರಲ್ಲಿ ಇನ್ನೂರಕ್ಕೂ ಹೆಚ್ಚು ನಿಮ್ಮ ಕೈಬರಹದಲ್ಲೇ. ನಿಮ್ಮ ಅಕ್ಷರ ದುಂಡಾಗಿ ಚೆಂದ ಇದೆ, ಅದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇದೆಲ್ಲ ನಮಗೆ ಗೊತ್ತಿರುವುದು ನೀವು ಬರೆದ ನಡಾವಳಿ ಪುಸ್ತಕದಿಂದ. ಅದು ನಮ್ಮ ಮನೆಯಲ್ಲಿದೆ, ಕಗ್ಗದ ಅಕ್ಕಿಯ ಡಬ್ಬಿಯಲ್ಲಿ, ಅಕ್ಕಿಯ ನಡುವೆ. ಅಕ್ಕಿ ತೇವ ಹೀರುತ್ತದೆ ಎಂದು ನನ್ನ ಅಜ್ಜಿ ಕಲಿಸಿದ್ದು.

ನಾನೂರ ಹನ್ನೆರಡೂ ಓದಿದ್ದೇನೆ. ಬೆರಳಿಟ್ಟುಕೊಂಡು, ಎರಡೆರಡು ಸಲ. ಮೀನಿನ ಬಗ್ಗೆ ಇದೆ, ಬಳಚಿನ ಬಗ್ಗೆ ಇದೆ, ವಾಸನೆಯ ಬಗ್ಗೆ ನೂರಾ ಆರು ಇವೆ. ವಾಸನೆ ಎಂದು ಬರೆಯಬೇಕೋ ದುರ್ವಾಸನೆ ಎಂದು ಬರೆಯಬೇಕೋ ಎಂದು ಒಂದು ಇಡೀ ಸಂಜೆ ಜಗಳವಾಡಿದ್ದೀರಿ. ಯಾರ ಹೆಸರು ಮೊದಲು ಬರಬೇಕು, ಮೀನು ಮಾರುವವರದ್ದೋ ಹೊಳೆಯಂಚಿನ ಗಜನಿ ಗದ್ದೆಯವರದ್ದೋ ಎಂದು ಇನ್ನೊಂದು ಸಂಜೆ. ದೋಣಿ ಸಂಘದ ಅಧ್ಯಕ್ಷ ಹಮ್ಮಣ್ಣನವರು ತಮ್ಮ ದೋಣಿಯ ಬಣ್ಣಕ್ಕೆ ಎಣ್ಣೆಯ ಕಲೆ ಬಿದ್ದ ಕಥೆಯನ್ನು ಮೂರು ಸಭೆಗಳಲ್ಲೂ ಹೇಳಿದ್ದಾರೆ, ನೀವು ಮೂರು ಸಲವೂ ಬರೆದುಕೊಂಡಿದ್ದೀರಿ, ಮೂರನೆಯದು ನಿಮಗೆ ಇನ್ನೂ ಬರಬೇಕಷ್ಟೆ. ಎಲ್ಲ ಸರಿ ತುಳಸಕ್ಕ, ಎಲ್ಲ ನಿಜ. ಆದರೆ ಎರಡನೇ ಹಾಳೆಯ ಮೂರನೇ ಸಾಲಿನ ಬಗ್ಗೆ ಒಂದೇ ಒಂದು ಆಕ್ಷೇಪಣೆ ಇಲ್ಲ. ನಾನೂರ ಹನ್ನೆರಡರಲ್ಲಿ ಒಂದೂ ಇಲ್ಲ. ಅದೊಂದು ಇದ್ದಿದ್ದರೆ ನಾನಿವತ್ತು ಸುಮ್ಮನೆ ಬಳಚಿನ ಸುಕ್ಕ ಮಾಡಿಕೊಂಡು ಕೂತಿರುತ್ತಿದ್ದೆ.

ಆ ಸಾಲಿನಲ್ಲಿ ಪರ್ಮಿಟ್ಟಿನ ಜಾಗದ ಗಡಿ ಇದೆ. ಪಶ್ಚಿಮಕ್ಕೆ ನೀರಗೆರೆ, ಅಲ್ಲಿಂದ ಪೂರ್ವಕ್ಕೆ ಇನ್ನೂರು ಮೀಟರ್ ಎಂದು. ನಿಮಗೆ ನೀರಗೆರೆ ಎಂದರೆ ಗೊತ್ತು, ಹುಟ್ಟಿದ ಮಗುವಿಗೂ ಗೊತ್ತು. ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಹಿಂದಿನವರು ಹೊಳೆಯಂಚಿಗೆ ಕಟ್ಟಿದ ಕಲ್ಲಿನ ಒಡ್ಡು. ಅದರ ಹೆಸರೇ ನೀರಗೆರೆ, ಬಾಯಲ್ಲಿ ನೀರ್ಗೆರೆ. ಕಲ್ಲು ಅಲುಗಾಡುವುದಿಲ್ಲ. ಅದರಿಂದ ಇನ್ನೂರು ಮೀಟರ್ ಎಂದರೆ ಟ್ಯಾಂಕು ನಿಂತಿರುವ ಜಾಗ ಅಷ್ಟೇ, ಚಿಂತೆಯೇನು ಎಂದು ನೀವು ಅಂದುಕೊಂಡಿರಿ. ಆದರೆ ಅದೇ ಹೆಸರನ್ನು ನಡುವೆ ತೆರಪು ಬಿಟ್ಟು ‘ನೀರ ಗೆರೆ’ ಎಂದು ಬರೆದರೆ ಅದು ಒಡ್ಡಲ್ಲ. ಅದು ನೀರು ಬಂದು ಮುಟ್ಟುವ ಗೆರೆ. ಕಲ್ಲು ನಿಂತಲ್ಲೇ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ.

ಈಗ ಅರ್ಥವಾಯಿತಲ್ಲ. ನೀರು ಏರಿತು. ನಿಮ್ಮ ಒಡ್ಡು ಮುಳುಗಿತು, ಗಜನಿ ಮುಳುಗಿತು, ನೀವು ಈಗ ಈ ಪತ್ರ ಓದುತ್ತಾ ಕೂತಿರುವ ಜಗಲಿ ಮುಳುಗಿತು. ನಿಮಗೆ ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಗೆರೆ ಪೂರ್ವಕ್ಕೆ ಏಳುನೂರು ಮೀಟರ್ ಬಂದಿದೆ, ಪರ್ಮಿಟ್ಟೂ ಅದರ ಜೊತೆಗೆ ಏಳುನೂರು ಮೀಟರ್ ನಡೆದುಬಂದಿದೆ. ಹಿಂದೆ ಹಿಡಿದದ್ದನ್ನು ಬಿಡುವುದಿಲ್ಲ, ಮುಂದಿನದನ್ನು ಹಿಡಿಯುತ್ತದೆ. ಮೂರನೇ ಹಸ್ತಾಂತರದ ಹೊತ್ತಿಗೆ ಕಾಗದವೆಲ್ಲ ಇಂಗ್ಲಿಷಿಗೆ ಹೋಯಿತು, ಅಲ್ಲಿ ಅದನ್ನು ‘ವಾಟರ್ ಲೈನ್’ ಎಂದು ಬರೆದರು. ಅಲ್ಲಿಂದ ಮುಂದೆ ನಮ್ಮ ಒಡ್ಡಿನ ಹೆಸರು ಯಾವ ಕಾಗದದಲ್ಲೂ ಇಲ್ಲ. ನಮ್ಮ ಮಕ್ಕಳು ‘ಪರ್ಮಿಟ್ಟಾಟ’ ಎಂದು ಆಡುತ್ತಾರೆ. ಒಬ್ಬಳು ಕೋಲು ಹಿಡಿದು ಗೆರೆಯಾಗಿ ನಿಲ್ಲುತ್ತಾಳೆ, ಉಳಿದವರು ಕಣ್ಣು ಮುಚ್ಚಿದಾಗ ಒಂದು ಹೆಜ್ಜೆ ಮುಂದೆ ಬರುತ್ತಾಳೆ, ಕೋಲು ಯಾರ ಕಾಲಿಗೆ ಮುಟ್ಟಿತೋ ಅವರ ಮನೆ ಹೋಯಿತು. ಆಡುವಾಗ ನಗುತ್ತಾರೆ. ನನಗೆ ನೋಡಲಾಗುವುದಿಲ್ಲ, ಒಳಗೆ ಬರುತ್ತೇನೆ.

ಇಲ್ಲಿಯ ದಿನಗಳು ಹೇಗೆ ಎಂದು ಸ್ವಲ್ಪ ಹೇಳುತ್ತೇನೆ, ಇಲ್ಲವಾದರೆ ನಮಗೇಕೆ ಇಷ್ಟು ಆತಂಕ ಎಂದು ನಿಮಗೆ ತಿಳಿಯುವುದಿಲ್ಲ. ನಮ್ಮ ಮನೆಗಳಿಗೆ ಏರುಮನೆ ಎನ್ನುತ್ತಾರೆ. ನಾಲ್ಕು ಮೂಲೆಗೆ ತಿರುಪಿನ ಕಂಬ ಇವೆ, ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ತಿರುಗಿಸಿ ಒಂದು ಗೇಣು ಎತ್ತುತ್ತೇವೆ. ಎತ್ತುವ ದಿನ ಪಾತ್ರೆಯೆಲ್ಲ ಕೆಳಗಿಳಿಸಬೇಕು, ಆದರೂ ಒಂದಾದರೂ ಒಡೆಯುತ್ತದೆ. ಕಗ್ಗದ ಭತ್ತ ಇನ್ನೂ ಬೆಳೆಯುತ್ತೇವೆ, ತೇಲುವ ತಟ್ಟೆಗಳಲ್ಲಿ. ಬಳಚು ಹೊಳೆಯಲ್ಲಿ ಸಿಗುವುದಿಲ್ಲ, ಮನೆಯ ಕೆಳಗೆ ತೊಟ್ಟಿಯಲ್ಲಿ ಸಾಕುತ್ತೇವೆ. ಮುರುಗಲು ಹುಳಿ ಇದೆ, ಅದೊಂದು ಹೇಗೋ ಉಳಿದಿದೆ. ಬಂಗಡೆ ಮೀನನ್ನು ನಾನು ಚಿತ್ರದಲ್ಲಿ ಮಾತ್ರ ಕಂಡಿದ್ದೇನೆ. ವರ್ಷಗಳನ್ನು ನಾವು ಇಸವಿಯಿಂದ ಎಣಿಸುವುದು ಕಡಿಮೆ, ಹಸ್ತಾಂತರದಿಂದ ಎಣಿಸುತ್ತೇವೆ. ನನ್ನ ಅಮ್ಮ ಹುಟ್ಟಿದ್ದು ಐದರಲ್ಲಿ, ನಾನು ಏಳರಲ್ಲಿ, ಮಂಜಿಯ ಮದುವೆ ಒಂಬತ್ತರಲ್ಲಿ. ಪ್ರತಿ ಹಸ್ತಾಂತರಕ್ಕೂ ಹೊಸ ಕಂಪನಿ ಬಂದು ಟ್ಯಾಂಕಿಗೆ ಹೊಸ ಬಣ್ಣ ಬಳಿದು ಎಲ್ಲರಿಗೂ ಕೊಡೆ ಹಂಚುತ್ತದೆ. ಹಳೆಯ ಕಂಪನಿ ಒಪ್ಪಿಕೊಂಡ ಮಾತನ್ನು ಹೊಸದು ಕೇಳುವುದೇ ಇಲ್ಲ. ಅದು ಅವರ ಮಾತು, ನಮಗೆ ಬಂದಿರುವುದು ಪರ್ಮಿಟ್ಟು ಮಾತ್ರ ಎನ್ನುತ್ತದೆ. ಈಗ ಬಣ್ಣ ಕಿತ್ತಲ್ಲಿ ಹನ್ನೊಂದು ಪದರ ಕಾಣುತ್ತದೆ. ಕೊಡೆಗಳು ಮಾತ್ರ ಒಂದೂ ಒಂದು ಮಳೆಗಾಲ ದಾಟಿಲ್ಲ.

ಎಣ್ಣೆಯನ್ನು ಈಗ ಯಾರೂ ಸುಡುವುದಿಲ್ಲ, ಹಾಗಾದರೆ ಟ್ಯಾಂಕು ಯಾಕೆ ಎಂದು ಕೇಳುತ್ತೀರಿ. ಪರ್ಮಿಟ್ಟಿನಲ್ಲಿ ‘ತೈಲ ಮತ್ತು ತತ್ಸಂಬಂಧಿ ವಸ್ತುಗಳು’ ಎಂದಿದೆಯಂತೆ. ಬೇರೆ ಬೇರೆ ಬಂದರುಗಳಲ್ಲಿ ಹಳೆಯ ಟ್ಯಾಂಕುಗಳನ್ನು ಒಡೆದಾಗ ತಳದಲ್ಲಿ ಉಳಿಯುವ ಕಪ್ಪು ರಾಡಿಗೆ ‘ಕರಿಗಸಿ’ ಎನ್ನುತ್ತಾರೆ. ಅದನ್ನು ಇಟ್ಟುಕೊಳ್ಳಲು ಎಲ್ಲೂ ಹೊಸ ಪರ್ಮಿಟ್ಟು ಕೊಡುವುದಿಲ್ಲ. ಹಳೆಯದು ಇದ್ದರೆ ನಡೆಯುತ್ತದೆ. ಆದ್ದರಿಂದ ನಮ್ಮದಕ್ಕೆ ಅಷ್ಟು ಬೇಡಿಕೆ, ಕೈಯಿಂದ ಕೈಗೆ ಹೋಗುತ್ತಲೇ ಇದೆ. ಕರಿಗಸಿ ಹೊತ್ತ ಹಡಗು ಗಂಟೆ ಬಾರಿಸುತ್ತಾ ಬರುತ್ತದೆ, ನಾವು ಒಣಹಾಕಿದ ಬಟ್ಟೆ ಒಳಗೆ ತರುತ್ತೇವೆ. ಈಗ ಹನ್ನೆರಡನೇ ಹಸ್ತಾಂತರದ ನೋಟೀಸು ಬಂದಿದೆ. ಆಕ್ಷೇಪಣೆಗೆ ಕೊನೆಯ ದಿನ ಫೆಬ್ರವರಿ ಮೂವತ್ತೇಳು.

ಊರಿಗೆ ಉಳಿದಿರುವ ಸೀನೀರ ಬಾವಿ ಒಂದೇ. ನೂರ ನಲವತ್ತು ಮನೆಗೆ ಅದರದ್ದೇ ನೀರು. ಮಳೆನೀರು ಹಿಡಿಯುತ್ತೇವೆ, ಅದು ಮಾರ್ಚಿನವರೆಗೂ ಬರುವುದಿಲ್ಲ. ಆ ಬಾವಿ ಇವತ್ತು ನೀರಿನ ಗೆರೆಯಿಂದ ಇನ್ನೂರ ಆರು ಮೀಟರ್ ದೂರ ಇದೆ. ನಾನೇ ಹಗ್ಗ ಹಿಡಿದು ಅಳೆದಿದ್ದೇನೆ. ಎರಡನೇ ಸಲ ಇನ್ನೂರ ನಾಲ್ಕು ಬಂತು, ಮೂರನೇ ಸಲ ಇನ್ನೂರ ಏಳು. ಮುಂದಿನ ದೊಡ್ಡ ಭರತದ ದಿನ ‘ಗೆರೆ ಕಚೇರಿ’ಯವರು ಬಂದು ಹೊಸ ಗೆರೆ ಎಳೆಯುತ್ತಾರೆ, ಬಾವಿ ಪರ್ಮಿಟ್ಟಿನೊಳಗೆ ಹೋಗುತ್ತದೆ. ಕುಡಿಯುವ ನೀರಿನ ಮೂಲ ಕರಿಗಸಿಯ ಜಾಗದೊಳಗೆ ಇರಕೂಡದು ಎಂದು ನಿಯಮ ಇದೆ. ಒಳ್ಳೆಯ ನಿಯಮ, ಜನರ ಆರೋಗ್ಯಕ್ಕಾಗಿ ಮಾಡಿದ್ದು. ಅದರಂತೆ ಅವರು ಬಾವಿಯನ್ನು ಮುಚ್ಚುತ್ತಾರೆ. ಟ್ಯಾಂಕನ್ನಲ್ಲ, ಬಾವಿಯನ್ನು. ಇದನ್ನು ನಾನು ಇಷ್ಟು ಶಾಂತವಾಗಿ ಬರೆಯಲು ನಾಲ್ಕು ಸಲ ಹರಿದು ಹಾಕಿದ್ದೇನೆ. ಬಾವಿ ಮುಚ್ಚಿದರೆ ಊರನ್ನು ಎತ್ತಬೇಕು. ಏರುಮನೆಯನ್ನು ಮೇಲಕ್ಕೆ ಎತ್ತಬಹುದು, ಗುಡ್ಡದಾಚೆಗೆ ಎತ್ತಿಕೊಂಡು ಹೋಗಲು ಆಗುವುದಿಲ್ಲ.

ಇನ್ನು ಆ ಸಭೆಯ ಮಾತಿಗೆ ಬರುತ್ತೇನೆ. ನಿಮ್ಮ ನಡಾವಳಿಯಲ್ಲಿ ಎರಡನೇ ಸಭೆ, ಪುಟ ಹತ್ತೊಂಬತ್ತು. ಕಚೇರಿಯಿಂದ ಬಂದ ಗುಮಾಸ್ತರು ನೋಟೀಸನ್ನು ಗಟ್ಟಿಯಾಗಿ ಓದಿದರು, ಎಲ್ಲರೂ ಕೇಳಿದರು ಎಂದು ಬರೆದಿದ್ದೀರಿ. ಅಲ್ಲೇ ತಪ್ಪಾಯಿತು. ಓದಿದರೆ ತೆರಪು ಕೇಳಿಸುತ್ತದೆಯೇ? ನೀರಗೆರೆ ಎಂದರೂ ಅಷ್ಟೇ, ನೀರ ಗೆರೆ ಎಂದರೂ ಅಷ್ಟೇ, ಕಿವಿಗೆ ಒಂದೇ. ಒಡ್ಡು ಇಲ್ಲದ ಬೇರೆ ಊರಿನವರಾಗಿದ್ದರೆ ಇದೇನು ನೀರಗೆರೆ ಎಂದು ಕಾಗದ ಇಸಕೊಂಡು ನೋಡುತ್ತಿದ್ದರು. ನಿಮಗೆ ಆ ಹೆಸರು ಮನೆಯ ಹೆಸರಿನಷ್ಟು ಗೊತ್ತಿತ್ತು, ಅದಕ್ಕೇ ಎಲ್ಲರೂ ತಲೆ ಆಡಿಸಿದಿರಿ. ಒಬ್ಬರನ್ನು ಬಿಟ್ಟು. ಬಳಚು ಹೆಕ್ಕುವ ಗಣಪಿ, ನಿಮ್ಮ ಮನೆಯ ಹಿಂದಿನ ಕೇರಿಯವರು, ಅಕ್ಷರ ಬಾರದವರು, ಎದ್ದು ನಿಂತು ಕೇಳಿದರು. ನೀವು ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳುವವರು, ಅದಕ್ಕೆ ನಿಮಗೆ ಕೈಮುಗಿಯಬೇಕು. ಅವರು ಕೇಳಿದ್ದು ಇಷ್ಟೇ: “ಯಾವ ನೀರ್ಗೆರೆ?”

ಅದಕ್ಕೆ ಹಮ್ಮಣ್ಣ ಹೇಳಿದ್ದನ್ನೂ ಬರೆದಿದ್ದೀರಿ. “ಗಣಪಕ್ಕಾ, ನಮ್ಮೂರಲ್ಲಿ ನೀರ್ಗೆರೆ ಎಷ್ಟದೆ? ನೀ ದಿನಾ ಮೇಲೆ ಕೂತ್ಕಂಡು ಬಳಚು ಸುಲೀತೆಯಲ್ಲ, ಅದೇ ನೀರ್ಗೆರೆ.”

ಗಣಪಿ ಕೂರಲಿಲ್ಲ. “ಹಂಗಾರೆ ಹಂಗೇ ಬರೀಲಿ,” ಎಂದರು. “ಗಣಪಿ ಕೂತ್ಕಂಬು ನೀರ್ಗೆರೆ ಅಂತ ಬರೀಲಿ.”

ಅದರ ಕೆಳಗೆ ನಿಮ್ಮ ದುಂಡನೆಯ ಅಕ್ಷರದಲ್ಲಿ, ‘ಎಲ್ಲರೂ ನಕ್ಕರು. ಸಭೆ ಮುಂದುವರಿಯಿತು.’

ತುಳಸಕ್ಕ, ಆ ನಾಲ್ಕು ಪದಗಳನ್ನು ನಾನು ಎಷ್ಟು ಸಲ ಓದಿದ್ದೇನೋ. ಎಲ್ಲರೂ ನಕ್ಕರು. ನೀವೂ ನಕ್ಕಿರಾ? ಓದಿದವರು ಅಷ್ಟು ಜನ ಇದ್ದಿರಿ, ಪಂಚಾಯತಿ ಸದಸ್ಯರು ಇದ್ದರು, ವಕೀಲರ ಕಡೆಯವರೂ ಒಬ್ಬರು ಬಂದಿದ್ದರು. ಕೇಳಬೇಕಾದ್ದನ್ನು ಕೇಳಿದ್ದು ಅವರೊಬ್ಬರೇ. ಉತ್ತರವನ್ನೂ ಅವರೇ ಕೊಟ್ಟರು. ಹಾಗೇ ಬರೆಸಿದ್ದಿದ್ದರೆ ಪರ್ಮಿಟ್ಟು ಗಣಪಿ ಕೂತ ಕಲ್ಲಿಗೆ ಕಟ್ಟಿಬಿದ್ದಿರುತ್ತಿತ್ತು, ಒಂದು ಹೆಜ್ಜೆ ಇಡುತ್ತಿರಲಿಲ್ಲ. ಸಿಟ್ಟು ಬರುತ್ತದೆ. ಮತ್ತೆ ನಾನೂ ಆ ಶೆಡ್ಡಿನಲ್ಲಿದ್ದಿದ್ದರೆ ನಗುತ್ತಿದ್ದೆನೇನೋ ಎಂದು ಅನಿಸಿ ಸಿಟ್ಟು ಇಳಿಯುತ್ತದೆ. ಆಮೇಲೆ ಸುಮ್ಮನಿರಲಾರದೆ ಪುನಃ ಬರುತ್ತದೆ.

ಆ ಒಡ್ಡು ಈಗಲೂ ಇದೆ. ವರ್ಷಕ್ಕೆ ಎರಡು ಸಲ, ದೊಡ್ಡ ಇಳತದ ದಿನ, ಅದರ ಬೆನ್ನು ನೀರಿನಿಂದ ಮೇಲೆ ಬರುತ್ತದೆ. ನಾವು ದೋಣಿಯಲ್ಲಿ ಹೋಗಿ ಹತ್ತಿ ನಿಲ್ಲುತ್ತೇವೆ, ತಿಂಡಿ ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಉತ್ತರದ ತುದಿಗೆ ಒಂದು ಕಲ್ಲು ಉಳಿದವಕ್ಕಿಂತ ನುಣುಪಾಗಿದೆ, ಅದರ ಸಂದಿನಲ್ಲಿ ಹಳೆಯ ಬಳಚಿನ ಚಿಪ್ಪು ಕಲ್ಲಿನಂತೆ ಗಟ್ಟಿಯಾಗಿ ಕೂತಿದೆ. ಅದೇ ಗಣಪಿಯ ಜಾಗ ಎಂದು ನಾನು ಹೇಳುತ್ತೇನೆ. ಮಂಜಿ ಒಪ್ಪುವುದಿಲ್ಲ, ನೀರು ಉಜ್ಜಿದರೆ ಎಲ್ಲ ಕಲ್ಲೂ ನುಣುಪೇ ಎನ್ನುತ್ತಾಳೆ. ಇರಬಹುದು. ಆದರೂ ನಾನು ಅದರ ಮೇಲೆ ಕೂರುವುದಿಲ್ಲ, ಪಕ್ಕದ್ದರ ಮೇಲೆ ಕೂರುತ್ತೇನೆ.

ನಾನು ಗೆರೆ ಕಚೇರಿಗೂ ಹೋಗಿಬಂದೆ, ನಡಾವಳಿ ಪುಸ್ತಕವನ್ನು ಎದೆಗೆ ಕಟ್ಟಿಕೊಂಡು. ಅಲ್ಲಿಯ ಅಧಿಕಾರಿ ಹೆಂಗಸು ಕೆಟ್ಟವಳಲ್ಲ, ಕೂರಲು ಹೇಳಿದಳು, ನೀರು ಕೊಟ್ಟಳು. ನಾನು ಹತ್ತೊಂಬತ್ತನೇ ಪುಟ ತೋರಿಸಿ, ನಮ್ಮವರು ಒಡ್ಡು ಎಂದೇ ತಿಳಿದು ಸುಮ್ಮನಾದರು, ಹನ್ನೆರಡೂ ಹಸ್ತಾಂತರ ನಿಂತಿರುವುದು ಒಂದು ತೆರಪಿನ ಮೇಲೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ತನ್ನ ಎದುರಿನ ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, “ಅಮ್ಮಾ, ತೆರಪಿಗೆ ಆಕ್ಷೇಪಣೆ ಹಾಕೂಕೆ ಇದ್ರಲ್ಲಿ ಕಾಲಂ ಇಲ್ಲ,” ಎಂದಳು. ವಾಸನೆಗೆ ಇದೆ, ಬೇಕಾದರೆ ಅದರಲ್ಲಿ ಹಾಕಿಕೊಡುತ್ತೇನೆ ಎಂದಳು. ನಾನು ಬೇಡ ಎಂದೆ. ಹೊರಡುವಾಗ ಅವಳು ಒಂದು ಮಾತು ಹೇಳಿದಳು, ಅದು ಮಾತ್ರ ಉಪಯೋಗದ್ದು. ಮೊದಲ ಹಸ್ತಾಂತರದ ಮೂಲ ನೋಟೀಸು ಕಚೇರಿಯಲ್ಲಿ ಇಲ್ಲ, ಅದು ಎಲ್ಲಿಯಾದರೂ ಇದ್ದು, ಅದರಲ್ಲಿ ಒಂದೇ ಪದ ಇದ್ದರೆ, ಅದು ಊರಿನ ಒಡ್ಡಿನ ಹೆಸರಾಗುತ್ತದೆ, ಆಗ ಗೆರೆ ಹಿಂದಕ್ಕೆ ಹೋಗಲೇಬೇಕು ಎಂದಳು.

ಮೂಲ ನೋಟೀಸಿನ ಒಂದು ಪ್ರತಿ ನಮ್ಮಲ್ಲೇ ಇದೆ. ನೀವೇ ಅಂಟಿಸಿದ್ದೀರಿ, ಇಪ್ಪತ್ತನೇ ಪುಟಕ್ಕೆ, ಅನ್ನದ ಗಂಜಿಯಲ್ಲಿ. ಕಾಗದ ದೊಡ್ಡದು, ಪುಸ್ತಕ ಚಿಕ್ಕದು, ಹಾಗಾಗಿ ಮಡಿಸಿದ್ದೀರಿ. ಮಡಿಕೆ ಎಲ್ಲಿ ಬಿದ್ದಿದೆ ಗೊತ್ತೇ? ಮೂರನೇ ಸಾಲಿನಲ್ಲಿ, ‘ನೀರ’ ಮತ್ತು ‘ಗೆರೆ’ಯ ಸರಿಯಾಗಿ ನಡುವೆ. ನೂರ ನಲವತ್ತೆರಡು ವರ್ಷದಲ್ಲಿ ಮಡಿಕೆ ಸವೆದು, ಗಂಜಿಯ ಆಸೆಗೆ ಹುಳು ಬಂದು, ಆ ಜಾಗದಲ್ಲಿ ಒಂದು ಸಣ್ಣ ತೂತಾಗಿದೆ. ತೂತಿಗೆ ಮೊದಲು ಅಲ್ಲಿ ತೆರಪಿತ್ತೋ, ಅಕ್ಷರಗಳು ಕೂಡಿಕೊಂಡಿದ್ದವೋ, ಹೇಳಲು ಬರುವುದಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ. ಕನ್ನಡಿಯಲ್ಲಿ ನೋಡಿದೆ. ಮಡಿಸದೆ ಅಂಟಿಸಬಹುದಿತ್ತಲ್ಲ, ಅಥವಾ ಒಂದು ಬೆರಳು ಆಚೆಗೆ ಮಡಿಸಬಹುದಿತ್ತಲ್ಲ ಎಂದು ನಿಮ್ಮನ್ನು ಬೈದಿದ್ದೇನೆ, ಅದಕ್ಕೂ ಕ್ಷಮೆ ಇರಲಿ.

ಇನ್ನೊಬ್ಬಳಾಗಿದ್ದರೆ ಅಕ್ಷರದ ಅಂತರ ನೋಡಿ ಊಹಿಸುತ್ತಿದ್ದಳೋ ಏನೋ. ನನಗೆ ಅದು ಆಗದು. ನಮ್ಮ ಶಾಲೆ ಒಂದು ದೋಣಿಯಲ್ಲಿತ್ತು, ದಿನಕ್ಕೊಂದು ಕೇರಿಗೆ ಬಂದು ನಿಲ್ಲುತ್ತಿತ್ತು. ಟೀಚರು ನನ್ನ ಸ್ಲೇಟು ಎತ್ತಿ ಹಿಡಿದು, ಕುಸ್ಲಿ ಬರೆದರೆ ಇಡೀ ಪುಟ ಒಂದೇ ಪದ ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಐದನೇ ಕ್ಲಾಸಿನಲ್ಲಿ ಕಲಿಸುವುದಿತ್ತು. ನಾನು ಐದಕ್ಕೆ ಬರುವಷ್ಟರಲ್ಲಿ ಆ ದೋಣಿ ಕಟ್ಟುವ ಗೂಟ ಪರ್ಮಿಟ್ಟಿನೊಳಗೆ ಬಂತು, ಶಾಲೆ ಬರುವುದು ನಿಂತಿತು. ಈ ಪತ್ರವನ್ನು ಪಕ್ಕದ ಮನೆಯ ಓದಿದ ಹುಡುಗಿಯಿಂದ ಪದ ಬಿಡಿಸಿಯೇ ಬರೆಸಿದ್ದೇನೆ, ನಾನು ಹೇಳುತ್ತಾ ಹೋದೆ. ಆದರೂ ಎಲ್ಲಾದರೂ ತಪ್ಪು ಬಿದ್ದಿದೆಯೇನೋ ಎಂದು ಮತ್ತೆ ಮತ್ತೆ ಓದಿಸಿ ಕೇಳುತ್ತಿದ್ದೇನೆ.

ಹಿಂದಕ್ಕೆ ಹೋಗುವ ಇಂಥ ಪತ್ರಕ್ಕೆ ‘ಹಿಂದೋಲೆ’ ಎನ್ನುತ್ತೇವೆ. ಒಂದು ಮನೆಗೆ ಒಂದೇ, ಮತ್ತೆ ಸಿಗುವುದಿಲ್ಲ. ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ಕಚೇರಿಯ ಗೋಡೆಗೆ ಒಂದು ಡಬ್ಬಿ ಇದೆ, ಅದರಲ್ಲಿ ಹಾಕಬೇಕು. ನಮ್ಮ ಮನೆಯ ಹಿಂದೋಲೆಯನ್ನು ಅಮ್ಮ ಬಳಸಲಿಲ್ಲ, ಅಜ್ಜಿ ಬಳಸಲಿಲ್ಲ, ಏನಾದರೂ ದೊಡ್ಡದಕ್ಕೆ ಬೇಕಾದೀತು ಎಂದು ಇಟ್ಟಿದ್ದರು. ಮಂಜಿಗೆ ಬಂಗಡೆಯ ರುಚಿ ಹೇಗಿತ್ತು ಎಂದು ಕೇಳಿ ಬರೆಯಬೇಕೆಂದು ಚಿಕ್ಕಂದಿನಿಂದ ಆಸೆ. “ಮನೆಗೆ ಒಂದೇ ಹಿಂದೋಲೆ. ಅದ್ರಲ್ಲಿ ನೀ ಕೇಳೂದು ಒಂದು ಖಾಲಿ ಜಾಗದ ವಿಷ್ಯ,” ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ಬಾವಿಯಿಂದ ಕೊಡ ತುಂಬಿಕೊಂಡು ಬಂದು ಜಗಲಿಗೆ ಇಳಿಸಿ, ಬರೆ ಎಂದಳು. ಅಷ್ಟಾಗಿಯೂ ನಿಮಗೆ ಸಮಯ ಇದ್ದರೆ ಬಂಗಡೆಯ ರುಚಿಯ ಬಗ್ಗೆ ಒಂದು ಸಾಲು ಬರೆದಿಡಿ. ಕೆಲಸದ ನಡುವೆ ಬೇಡ, ಆಮೇಲೆ.

ಈ ಪತ್ರ ನಿಮಗೆ ಎರಡನೇ ಸಭೆಯ ಮಾರನೇ ದಿನ ಸೇರುವಂತೆ ಹಾಕಿಸುತ್ತಿದ್ದೇನೆ. ನೋಟೀಸನ್ನು ನೀವಿನ್ನೂ ಅಂಟಿಸಿರುವುದಿಲ್ಲ, ಮಡಿಸಿರುವುದಿಲ್ಲ. ಆಕ್ಷೇಪಣೆಯ ಗಡುವಿಗೆ ಇನ್ನೂ ಒಂಬತ್ತು ದಿನ ಇದೆ, ನಿಮ್ಮ ಕಾಲದ ನೇರವಾದ ಒಂಬತ್ತು ದಿನ. ಅದನ್ನು ಬೆಳಕಿಗೆ ಹಿಡಿದು ನೋಡಿ. ತೆರಪಿದ್ದರೆ ಗಣಪಿಯ ಮನೆಗೆ ಹೋಗಿ, ನಕ್ಕದ್ದಕ್ಕೆ ಏನಾದರೂ ಹೇಳಿ, ಅವರ ಮಾತನ್ನೇ ನಾನೂರ ಹದಿಮೂರನೇ ಆಕ್ಷೇಪಣೆಯಾಗಿ ಬರೆದು ಅವರ ಹೆಬ್ಬೆಟ್ಟು ಹಾಕಿಸಿ. ಗಣಪಿ ಕೂರುವ ನೀರಗೆರೆ, ಕಲ್ಲಿನದ್ದು, ಉತ್ತರದ ತುದಿ. ಹಮ್ಮಣ್ಣ ಇನ್ನೂ ನಗಲಿ. ತೆರಪಿಲ್ಲದಿದ್ದರೆ ಆ ಮಾತನ್ನು ನಡಾವಳಿಯಲ್ಲಿ ಬರೆದಿಡಿ, ಯಾರು ಯಾರು ನೋಡಿದರು ಎಂಬುದನ್ನೂ ಸಹಿ ಸಮೇತ. ಹತ್ತೊಂಬತ್ತನೇ ಪುಟದಲ್ಲಿ, ‘ಸಭೆ ಮುಂದುವರಿಯಿತು’ ಎಂಬುದರ ಕೆಳಗೆ, ಅರ್ಧ ಪುಟ ಖಾಲಿ ಇದೆ. ನಾನು ದಿನಕ್ಕೆ ಮೂರು ಸಲ ಡಬ್ಬಿಯಿಂದ ಪುಸ್ತಕ ತೆಗೆದು, ಅಕ್ಕಿ ಕೊಡವಿ, ಆ ಅರ್ಧ ಪುಟವನ್ನು ನೋಡುತ್ತೇನೆ. ಇವತ್ತು ಬೆಳಿಗ್ಗೆಯೂ ಖಾಲಿ ಇತ್ತು.

ಒಂದು ಸಲ ನೋಡಿ ಸಾಲದು, ನನಗೆ ಒಂದು ಸಲದಲ್ಲಿ ಸಮಾಧಾನ ಇಲ್ಲ. ಎರಡನೇ ಹಾಳೆ, ಮೂರನೇ ಸಾಲು, ‘ಪಶ್ಚಿಮಕ್ಕೆ’ ಎಂಬುದರ ಮುಂದೆ. ‘ರ’ ಮತ್ತು ‘ಗೆ’ಯ ನಡುವೆ ಒಂದು ಅಕ್ಕಿಕಾಳು ಅಡ್ಡಲಾಗಿ ಹಿಡಿಸುತ್ತದೆಯೋ ಇಲ್ಲವೋ, ದಯವಿಟ್ಟು ಇನ್ನೊಮ್ಮೆ ಇಟ್ಟು ನೋಡಿ.